ದಾಸನಕೊಪ್ಪದ ಪ್ರಿನ್ಸೆಸ್ ಕಟ್ ರೈಲು

ಮಧ್ಯಾಹ್ನ ಒಂದರ ಹೊತ್ತಿಗೆ ಬನವಾಸಿ ಕಡೆಯ ಬಸ್ಸು ದಾಸನಕೊಪ್ಪ ದಾಟಿತು. ಗಂಗಾಂಬಿಕಾ ಕತ್ತರಿಯನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಮುಂದಿನ ಬಸ್ಸು ಬರುವ ತನಕ ಅವಳ ಹೊಲಿಗೆ ಅಂಗಡಿಗೆ ಗಿರಾಕಿಗಳು ಬರುವುದು ಕಡಿಮೆ. ಮೇಜಿನ ಮೇಲಿದ್ದ ರವಿಕೆ ತುಂಡು, ಸೀಮೆಸುಣ್ಣ, ಅಳತೆ ಪುಸ್ತಕಗಳನ್ನೆಲ್ಲ ಸ್ಟೂಲಿನ ಮೇಲಿಟ್ಟಳು. ಗೋಡೆಗೆ ಒರಗಿಸಿದ್ದ ಪ್ಲೈವುಡ್ ಹಲಗೆಯನ್ನು ಎರಡೂ ಕೈಯಿಂದ ಎತ್ತಿ ತಂದು ಮೇಜಿನ ಮೇಲೆ ಹಾಸಿದಳು. ಆರಡಿ ಉದ್ದ, ಮೂರಡಿ ಅಗಲದ ಹಲಗೆ. ಅದರ ಮೇಲೆ ಗೋಡಂಬಿಯ ಆಕಾರದಲ್ಲಿ ಪ್ಲಾಸ್ಟಿಕ್ ಹಳಿ ಜೋಡಿಸಿ ಕೂರಿಸಿತ್ತು. ನೇರ ಹಳಿ ನಾಲ್ಕೇ ತುಂಡು. ಉಳಿದ ಇಪ್ಪತ್ತನಾಲ್ಕೂ ಬಾಗಿದವು.

ಕಪಾಟಿನಿಂದ ಎಂಜಿನ್ ತೆಗೆದಳು, ಆಮೇಲೆ ಡಬ್ಬಿಗಳನ್ನು ಒಂದೊಂದಾಗಿ. ಎಲ್ಲವೂ ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದವು. ಎಂಟು ಡಬ್ಬಿ, ಒಂದೊಂದೂ ಏಳು ಇಂಚು ಉದ್ದ. ಮೇಲೆ ನೀಲಿ, ಕಿಟಕಿಯ ಸಾಲಿಗೆ ಬಿಳಿ.

ಗುಂಡಿ ಒತ್ತುವಷ್ಟರಲ್ಲಿ ಚೌಡಮ್ಮ ಒಳಗೆ ಬಂದಳು. ಹಿಂದಿನ ಓಣಿಯವಳು, ಅರವತ್ತರ ಹೆಂಗಸು, ಗದ್ದೆಯಿಂದ ನೇರ ಬಂದಿದ್ದಳು.

"ನನ್ನ ಕುಪ್ಪಸ ಆತೇನ ಗಂಗವ್ವ?"

"ತಡೀ ಚೌಡವ್ವ, ರೈಲು ಬಿಟ್ಟೀನಿ. ಸ್ವಲ್ಪ ಕುಂದ್ರು."

"ಶಿರಸಿಗೇ ಬರದ ರೈಲು ನಿನ್ನ ಅಂಗಡಿಗೆ ಬಂತಲ್ಲ, ಅಷ್ಟರಮಟ್ಟಿಗೆ ಪುಣ್ಯವಂತಿ ನೀನು."

ರೈಲು ಹೊರಟಿತು. ಮೊದಲ ತಿರುವು ದಾಟಿತು, ನೇರಕ್ಕೆ ಬಂತು. ಗೋಡಂಬಿಯ ಒಳಬಾಗಿನಲ್ಲಿ ಹಳಿ ಎಡದಿಂದ ಬಲಕ್ಕೆ ಹೊರಳುವ ಜಾಗಕ್ಕೆ ಬಂದಾಗ ಎರಡನೆಯ ಡಬ್ಬಿಯ ಮೂಲೆ ಮೂರನೆಯದರ ಮೂಲೆಯನ್ನು ಒತ್ತಿ ತಳ್ಳಿತು. ಮೂರನೆಯದು ಒಂದು ಬದಿಯ ಗಾಲಿ ಎತ್ತಿ, ಯೋಚನೆ ಮಾಡುವವರ ಹಾಗೆ ಒಂದು ಕ್ಷಣ ನಿಂತು, ಅಡ್ಡ ಬಿತ್ತು. ಅದರ ಹಿಂದಿನ ಐದೂ ಬಿದ್ದವು.

"ಬಿತ್ತಲ್ಲ," ಎಂದಳು ಚೌಡಮ್ಮ.

"ಬಿತ್ತು."

"ನಿನ್ನೀನೂ ಬಿದ್ದಿತ್ತು."

"ನಿನ್ನಿ ಮೊದಲನೇ ತಿರುವಿನ್ಯಾಗ ಬಿದ್ದಿತ್ತು. ಇವತ್ತು ಎರಡನೇದರಾಗ."

"ಹಂಗಾರ ಮುಂದ ಹೊಂಟೈತಿ ಬಿಡು," ಎಂದು ಚೌಡಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು.

ಇದು ಡಿಸೆಂಬರ್ ಮೊದಲ ವಾರದ ಮಾತು. ಫೆಬ್ರುವರಿ ಮೂರನೆಯ ಭಾನುವಾರದೊಳಗೆ ಈ ರೈಲು ಎಲ್ಲೂ ಬೀಳದೆ, ಕೈ ತಾಗಿಸಿಕೊಳ್ಳದೆ ಇಪ್ಪತ್ತು ಸುತ್ತು ಓಡಬೇಕಿತ್ತು. ಓಡದಿದ್ದರೆ ಗಂಗಾಂಬಿಕಾಗೆ ಇನ್ನೊಂದು ಅವಕಾಶವಿರಲಿಲ್ಲ.

ಗಂಗಾಂಬಿಕಾಗೆ ನಲವತ್ತೆರಡು ವರ್ಷ. ಬನವಾಸಿಯ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ದಾಸನಕೊಪ್ಪಕ್ಕೆ ಬಂದವಳು. ಗಂಡ ಚನ್ನಬಸವ ಪಿಕಪ್ ಗಾಡಿಯಲ್ಲಿ ಅನಾನಸು, ಶುಂಠಿ ಸಾಗಿಸುತ್ತಾನೆ. ಅವಳು ಹತ್ತೊಂಬತ್ತು ವರ್ಷದಿಂದ ರವಿಕೆ ಹೊಲಿಯುತ್ತಾಳೆ. ಜೂನ್‌ನಲ್ಲಿ ಶಾಲೆಯ ಸಮವಸ್ತ್ರವೂ ಇರುತ್ತದೆ. ಮೂರು ವರ್ಷದ ಹಿಂದೆ ಹಾಗೆ ಅಳತೆ ತೆಗೆಯಲು ಶಿರಸಿಯ ಒಂದು ಶಾಲೆಗೆ ಹೋಗಿದ್ದಾಗ ಅಲ್ಲಿ ಶಿಶುವಿಹಾರದ ಕೋಣೆ ಖಾಲಿ ಮಾಡುತ್ತಿದ್ದರು. ವರಾಂಡದಲ್ಲಿ ಎರಡು ಗೋಣಿಚೀಲದ ತುಂಬ ಪ್ಲಾಸ್ಟಿಕ್ ಇಟ್ಟಿಗೆ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬ್ಯಾಟರಿಯ ಎಂಜಿನ್, ಗಾಲಿಗಳು, ಹಳಿ. ಅಂಗಿಯ ಗುಂಡಿ ಹಾಕಿಡಲು ಆದೀತೆಂದು ಅವಳು ಪೆಟ್ಟಿಗೆಯನ್ನು ಕೇಳಿದಳು. ಟೀಚರು ಚೀಲವನ್ನೂ ಸೇರಿಸಿ ಕೊಟ್ಟರು. "ಒಯ್ರಿ, ಇಲ್ಲಾಂದ್ರೆ ಗುಜರಿಗೆ ಹೋಗ್ತದೆ."

ಗುಂಡಿ ಪೆಟ್ಟಿಗೆಗೆ ಬೀಳಲಿಲ್ಲ. ಆ ಸಂಜೆಯೇ ಮನೆಯ ನಡುಮನೆಯಲ್ಲಿ ಹಳಿ ಜೋಡಣೆಯಾಯಿತು. ಬಾಗಿದ ತುಂಡು ಹದಿನಾರು ಸೇರಿದರೆ ಒಂದು ಸುತ್ತು. ಅವಳು ಟೇಪು ಹಿಡಿದು ಅಳೆದಳು, ಅಡ್ಡಳತೆ ಇಪ್ಪತ್ತಾರು ಇಂಚು. ದಪ್ಪ ಹೆಂಗಸಿನ ಸೊಂಟ ನಲವತ್ತಿದ್ದರೂ ಹೊಲಿಗೆ ಸುಲಭ, ಸಣ್ಣ ಕೂಸಿನ ಕಂಕುಳು ಹೊಲಿಯುವುದು ಕಷ್ಟ. ಬಾಗು ಬಿಗಿಯಾದಷ್ಟೂ ಬಟ್ಟೆ ಮಾತು ಕೇಳುವುದಿಲ್ಲ. ಈ ಹಳಿ ಕೂಸಿನ ಕಂಕುಳು ಎಂದು ಅವಳಿಗೆ ಅಂದೇ ತಿಳಿಯಿತು. ಅಗಲವಾಗಿ ತಿರುಗುವ ಹಳಿಯೂ ಸಿಗುತ್ತದೆ, ಹೊರಗಿನಿಂದ ತರಿಸಬೇಕು, ಮತ್ತು ಅದನ್ನು ಹಾಸಲು ಅವಳ ಮೇಜಿನ ಎರಡರಷ್ಟು ಜಾಗ ಬೇಕು. ಹಾಗಾಗಿ ಇದ್ದ ಹಳಿಗೆ ತಕ್ಕ ರೈಲನ್ನೇ ಮಾಡಬೇಕಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಹವ್ಯಾಸಿಗಳದೊಂದು ಬಳಗವಿದೆ. ವರ್ಷಕ್ಕೊಮ್ಮೆ ಶಿರಸಿಯ ಕಲ್ಯಾಣ ಮಂಟಪದಲ್ಲಿ ಪ್ರದರ್ಶನ ಇಡುತ್ತಾರೆ. ನಾಣ್ಯ, ಅಂಚೆಚೀಟಿ, ಕಸೂತಿ, ಬೆಂಕಿಕಡ್ಡಿಯ ಮನೆ ಎಲ್ಲವೂ ಇರುತ್ತವೆ. ಸಭಾಂಗಣದ ಮಧ್ಯದಲ್ಲಿ, ವೇದಿಕೆಯ ಎದುರಿಗೇ, "ಓಡುವ ಮೇಜು" ಎಂಬುದಿದೆ. ಕಾರಂಜಿ, ಗಾಳಿಯಂತ್ರ, ಆಟಿಕೆ ಬಸ್ಸು, ರೈಲು, ಚಲಿಸುವುದೆಲ್ಲ ಅಲ್ಲಿ. ಬಳಗದ ಕಾರ್ಯದರ್ಶಿ ವೆಂಕಟ್ರಮಣ ಮಾಸ್ತರು ನಿವೃತ್ತ ವಿಜ್ಞಾನ ಶಿಕ್ಷಕರು. ಓಡುವ ಮೇಜಿನ ನಿಯಮ ಅವರೇ ಬರೆದದ್ದು. ಗಾಡಿ ಆರು ಬೈ ಮೂರಡಿಯ ಜಾಗದಲ್ಲಿ ಎಡಕ್ಕೂ ಬಲಕ್ಕೂ ತಿರುಗಬೇಕು, ಇಪ್ಪತ್ತು ಸುತ್ತು ಕೈ ತಾಗದೆ ಓಡಬೇಕು, ಮತ್ತು ಸತತ ಎರಡು ವರ್ಷ ಬಿದ್ದವರಿಗೆ ಮೂರನೆಯ ವರ್ಷದಿಂದ ಆ ಮೇಜಿಲ್ಲ.

ಹೋದ ವರ್ಷ ಗಂಗಾಂಬಿಕಾಳ ರೈಲು ಎರಡನೆಯ ಸುತ್ತಿಗೇ ಮೇಜಿನಿಂದ ಕೆಳಕ್ಕೆ ಹಾರಿ, ಬೆಂಕಿಕಡ್ಡಿ ಮನೆಯವರ ಕಾಲ ಬಳಿ ಚೂರಾಗಿತ್ತು. ಮಾಸ್ತರು ತಾವೇ ಬಗ್ಗಿ ಇಟ್ಟಿಗೆ ಹೆಕ್ಕಿಕೊಟ್ಟಿದ್ದರು. ಈ ವರ್ಷ ಅವಳು ಮತ್ತೆ ಹೆಸರು ಬರೆಸಿದಾಗ ಒಂದು ಧ್ವನಿ ಸಂದೇಶ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು.

"ಗಂಗಾಂಬಿಕಾ ಅವ್ರೆ, ಎಂಟು ಬೋಗಿ ಎಂತಕ್ಕೆ? ನಿಮ್ಗೆ ಮೂರು ಬೋಗಿ ಸಾಕು. ಮೂರಾದ್ರೆ ಬೀಳೂದಿಲ್ಲ. ಅದೂ ಆಗದಿದ್ರೆ ಕಸೂತಿ ಮೇಜಲ್ಲಿ ಚೆಂದಕ್ಕೆ ಇಟ್ಕೊಂಡ್ರೂ ಅಡ್ಡಿಲ್ಲೆ, ಜನ ನೋಡ್ತ್ರು."

ಅವಳು ಅದನ್ನು ಎರಡು ಸಲ ಕೇಳಿದಳು. ಚನ್ನಬಸವ ಊಟಕ್ಕೆ ಕೂತಿದ್ದ.

"ಕೇಳಿದ್ರೇನು? ನಿಮ್ಗೆ ಮೂರು ಸಾಕಂತ."

"ಮೂರು ಓಡಿಸಿದ್ರ ಏನಾತು? ಅದೂ ರೈಲ ಅಲ್ಲೇನು?"

"ಮೂರು ಡಬ್ಬಿ ಅಂದ್ರ ಕಟ್‌ಪೀಸ್ ರೀ. ಲಂಗಕ್ಕ ಬಟ್ಟಿ ತಂದು ಕರವಸ್ತ್ರ ಹೊಲಿ ಅಂದಂಗಾತು."

"ಆತು ತಾಯಿ, ಎಂಟೇ ಓಡ್ಸು. ಸಾರು ಹಾಕು ಮೊದಲ."

ಎಂಟಕ್ಕೆ ಅವಳು ಗಂಟುಬಿದ್ದದ್ದು ಹಾಗೆ. ಲೆಕ್ಕಕ್ಕಿಂತ "ನಿಮ್ಗೆ" ಎಂಬ ಮಾತು ಅವಳಿಗೆ ಹೆಚ್ಚು ತಾಗಿತ್ತು. ಮೂರು ಡಬ್ಬಿಯ ರೈಲು ಓಡಿಸಿ ಓಡುವ ಮೇಜಿನಲ್ಲಿ ಉಳಿದರೆ, ಅದು ಕಸೂತಿ ಮೇಜಿನಿಂದ ಕರುಣೆಗೆ ಎಬ್ಬಿಸಿ ಕೂರಿಸಿದ ಹಾಗೆ.

ಇಟ್ಟಿಗೆ ರೈಲಿನ ಬಗ್ಗೆ ಅವಳು ಕಲಿತದ್ದೆಲ್ಲ ಫೋನಿನ ವಿಡಿಯೋ ನೋಡಿ. ಹಿಂದಿಯಲ್ಲಿ ಮಾತಾಡುವ ಒಬ್ಬ ಮನುಷ್ಯ ಬಿಗಿ ತಿರುವಿನ ಬಗ್ಗೆ ಹೇಳುವಾಗ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದ. ಕೊಂಡಿ ಬೋಗಿಗೆ ಇರಬೇಕು, ಯಾವಾಗಲೂ ಬೋಗಿಗೇ. ಗಂಗಾಂಬಿಕಾ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಆಯಸ್ಕಾಂತದ ಕೊಂಡಿಯನ್ನು ಒಂದೊಂದು ಡಬ್ಬಿಯ ಎದುರು ಗೋಡೆಗೂ ಹಿಂದಿನ ಗೋಡೆಗೂ, ಅಲುಗಾಡದ ಹಾಗೆ ನಾಲ್ಕು ಇಟ್ಟಿಗೆ ಕೊಟ್ಟು ಬಿಗಿದಿದ್ದಳು. ಬೀಳುವುದು ಹೆಚ್ಚಾದಾಗ ಆರು ಇಟ್ಟಿಗೆ ಕೊಟ್ಟು ಇನ್ನೂ ಬಿಗಿದಿದ್ದಳು. ಪೆಟ್ಟಿಗೆಯಲ್ಲಿ ಬಂದ ಗಾಲಿಯ ಚೌಕಟ್ಟುಗಳು ಅತ್ತಿತ್ತ ತಿರುಗುತ್ತಿದ್ದವು. ಅವು ಸಡಿಲಾಗಿ ಹಾಳಾಗಿವೆ ಎಂದುಕೊಂಡು, ಬಸ್ಸಿನ ಹಿಂದಿನ ಗಾಲಿಯ ಹಾಗೆ ನೆಟ್ಟಗೆ ನಿಲ್ಲಲೆಂದು ಅವನ್ನೂ ತಳಕ್ಕೆ ಕಚ್ಚಿಸಿಬಿಟ್ಟಿದ್ದಳು. ಬಸ್ಸನ್ನು ಅವಳು ದಿನಾ ನೋಡುತ್ತಾಳೆ. ರೈಲು ಹತ್ತಿದ್ದು ಜೀವಮಾನದಲ್ಲಿ ಎರಡು ಸಲ, ಎರಡು ಸಲವೂ ಹಾವೇರಿಯಲ್ಲಿ, ಎರಡು ಸಲವೂ ನೂಕುನುಗ್ಗಲಿನಲ್ಲಿ. ಗಾಲಿ ಹೇಗಿತ್ತೆಂದು ಬಗ್ಗಿ ನೋಡುವ ಸಾವಕಾಶ ಯಾರಿಗಿತ್ತು.

ಡಿಸೆಂಬರ್ ಕೊನೆಗೆ ಚನ್ನಬಸವನಿಗೆ ಸಿದ್ದಾಪುರಕ್ಕೆ ಒಂದು ಖೇಪು ಅನಾನಸು ಬಂತು.

"ನಾನೂ ಬರ್ತೀನ್ರಿ," ಎಂದಳು.

"ಸಿದ್ದಾಪುರದಾಗ ನಿನಗೇನೈತಿ?"

"ಸಿದ್ದಾಪುರದಾಗ ಏನೂ ಇಲ್ಲ. ಅಲ್ಲಿಂದ ಮುಂದ ತಾಳಗುಪ್ಪದಾಗ ರೈಲೈತಿ."

ಹಣ್ಣು ಇಳಿಸಿ, ಸಿದ್ದಾಪುರದಲ್ಲಿ ಚಹಾ ಕುಡಿದು, ಇಬ್ಬರೂ ತಾಳಗುಪ್ಪ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹಳಿ ಮುಗಿಯುವ ಊರು ಅದು. ಪ್ಲಾಟ್‌ಫಾರಂಗೆ ತಾಗಿ ಗಾಡಿ ಖಾಲಿ ನಿಂತಿತ್ತು. ಗಂಗಾಂಬಿಕಾ ಕೊರಳಲ್ಲಿದ್ದ ಟೇಪು ತೆಗೆದು, ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು ಡಬ್ಬಿಯ ಮೂಲೆಗೆ ಹಿಡಿಸಿದಳು. ಟೇಪು ಐದೇ ಅಡಿಯದು. ಐದೈದು ಅಡಿಗೆ ಸೀಮೆಸುಣ್ಣದ ಗೀಟು ಪ್ಲಾಟ್‌ಫಾರಂ ಅಂಚಿನ ಮೇಲೆ ಹಾಕುತ್ತ ಸಾಗಿದಳು. ಚನ್ನಬಸವ ಯಾರಾದರೂ ನೋಡುತ್ತಾರೆಂದು ಮುಖ ಆಚೆ ತಿರುಗಿಸಿ ಹಿಡಿದಿದ್ದ. ಮೂರನೆಯ ಗೀಟಿಗೆ, ಉದ್ದ ಹಿಡಿಯ ಸುತ್ತಿಗೆ ಹಿಡಿದ ರೈಲ್ವೆ ನೌಕರನೊಬ್ಬ ಬಂದು ನಿಂತ. ವಯಸ್ಸಾದವನು, ಶಿವಮೊಗ್ಗದ ಕಡೆಯವನು.

"ಏನಮ್ಮಾ ಇದು? ರೈಲಿಗೆ ರವಿಕೆ ಹೊಲಿತೀರಾ?"

"ಅಳತಿ ತಗೊಳ್ಳಾಕತ್ತೀನ್ರಿ. ಈ ಬೋಗಿ ಉದ್ದ ಎಷ್ಟು, ಗಾಲಿ ಎಲ್ಲೆಲ್ಲಿ ಅದಾವ ನೋಡಬೇಕಾಗಿತ್ತು."

"ಯಾವ ಬೋಗಿ?"

"ಇದ ರೀ," ಎಂದು ಡಬ್ಬಿಯ ನೀಲಿ ಗೋಡೆಗೆ ಅಂಗೈ ಬಡಿದಳು.

"ಅದು ಬೋಗಿ ಅಲ್ಲಮ್ಮಾ, ಅದು ಕೋಚು. ಬೋಗಿ ಕೆಳಗಿದೆ. ಬಗ್ಗಿ ನೋಡಿ." ಅವನು ಪ್ಲಾಟ್‌ಫಾರಂ ಸಂದಿಯಲ್ಲಿ ಸುತ್ತಿಗೆ ಇಳಿಸಿ, ಗಾಲಿಗಳನ್ನು ಹೊತ್ತಿದ್ದ ಕಬ್ಬಿಣದ ಚೌಕಟ್ಟಿಗೆ ಟಣ್ಣೆಂದು ತಟ್ಟಿದ. "ನಾಲ್ಕು ಗಾಲಿ ಹಿಡ್ಕೊಂಡಿದೆಯಲ್ಲ, ಇದು ಬೋಗಿ. ಆ ತುದಿಗೊಂದು, ಈ ತುದಿಗೊಂದು. ಡಬ್ಬಿ ಇವೆರಡರ ಮೇಲೆ ಕೂತಿರುತ್ತೆ ಅಷ್ಟೇ. ತಿರುವು ಬಂದ್ರೆ ಮೊದಲು ಇದು ತಿರುಗುತ್ತೆ, ಆಮೇಲೆ ಡಬ್ಬಿ."

"ಎಲ್ಲಾರೂ ಡಬ್ಬಿಗೇ ಬೋಗಿ ಅಂತಾರಲ್ರಿ?"

"ಅಂತಾರೆ. ಟಿಕೆಟ್ ತಗೊಂಡು ಕೂತ್ಕೊಳ್ಳೋರಿಗೆ ಅಷ್ಟು ಸಾಕು. ನೀವು ಅಳತೆ ತಗೊಳ್ಳೋರು, ನಿಮಗೆ ಸಾಲದು."

ಗಂಗಾಂಬಿಕಾ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ನಗತೊಡಗಿದಳು. ಚನ್ನಬಸವ ಟೇಪಿನ ತುದಿ ಹಿಡಿದೇ ಹತ್ತಿರ ಬಂದ.

"ಏನಾತು?"

"ಎರಡು ವರ್ಷದಿಂದ ಹುಕ್ಕು ತಪ್ಪು ಜಾಗಕ್ಕ ಹಚ್ಚೀನ್ರಿ. ಬೆನ್ನಿಗೆ ಹಚ್ಚೂದನ್ನ ಎದಿಗೆ ಹಚ್ಚಿ, ಯಾಕ ಬಿಗಿ ಆಗಾಕತ್ತೈತಿ ಅಂತ ಅಳಾಕತ್ತಿದ್ದೆ."

ಅವಳ ಅಳತೆ ಪುಸ್ತಕದಲ್ಲಿ ಆ ದಿನದ ಪುಟ ಈಗಲೂ ಇದೆ. ಎದೆ, ಸೊಂಟ, ತೋಳು ಎಂದು ಅಚ್ಚಾದ ಕಾಲಂಗಳ ಎದುರಿಗೆ ಡಬ್ಬಿಯ ಉದ್ದ, ಅಗಲ, ಗಾಲಿಯಿಂದ ಗಾಲಿಗೆ ಇರುವ ಅಂತರ ಬರೆದಿದೆ.

ಮಾರನೆಯ ದಿನ ಒಂದು ಗಂಟೆಯ ಬಸ್ಸು ಹೋದ ಮೇಲೆ ಎಂಟೂ ಡಬ್ಬಿಯ ಬಿಗಿದ ಇಟ್ಟಿಗೆಗಳನ್ನು ಕಿತ್ತಳು. ಗಾಲಿಯ ಚೌಕಟ್ಟು ಮತ್ತೆ ಅತ್ತಿತ್ತ ತಿರುಗುವಂತಾಯಿತು. ಕೊಂಡಿಯನ್ನು ಡಬ್ಬಿಯ ಗೋಡೆಯಿಂದ ತೆಗೆದು ಆ ಚೌಕಟ್ಟಿಗೆ, ಅಂದರೆ ನಿಜವಾದ ಬೋಗಿಗೆ, ಸಿಕ್ಕಿಸಿದಳು. ಎರಡು ಡಬ್ಬಿ ಓಡಿದವು, ಮೂರು ಓಡಿದವು. ನಾಲ್ಕು, ಐದು. ಐದು ಡಬ್ಬಿ ಇಪ್ಪತ್ತು ಸುತ್ತು ಮುಗಿಸಿದಾಗ ಚೌಡಮ್ಮ ಎದ್ದು ನಿಂತು ಹಲಗೆಗೆ ಕೈ ಮುಗಿದಳು.

ಆರನೆಯದು ಸೇರಿಸಿದಾಗ ಬಿತ್ತು.

ಈ ಸಲ ಬಿದ್ದ ರೀತಿ ಬೇರೆ. ಮೂಲೆಗೆ ಮೂಲೆ ತಾಗಿರಲಿಲ್ಲ. ಮುಂದಿನಿಂದ ಎಂಜಿನ್ ಎಳೆಯುತ್ತಿತ್ತು, ಹಿಂದಿನಿಂದ ಭಾರ ಹಿಡಿಯುತ್ತಿತ್ತು, ನಡುವಿನ ಡಬ್ಬಿ ತಿರುವಿನ ಒಳಕ್ಕೆ ಮಗುಚುತ್ತಿತ್ತು. ಕಂಕುಳಿನ ಬಾಗಿನಲ್ಲಿ ಹೊಲಿಯುವಾಗ ನೂಲು ಬಿಗಿಯಾದರೆ ಬಟ್ಟೆ ಒಳಕ್ಕೆ ಸೆಳೆದುಕೊಂಡು ಸುಕ್ಕಾಗುತ್ತದೆ. ಅದೇ ಸುಕ್ಕು ಇಲ್ಲಿತ್ತು. ಹೊಲಿಗೆ ಯಂತ್ರದಲ್ಲಾದರೆ ನೂಲು ಬಿಗಿಯುವ ತಿರುಪು ಸಡಿಲಿಸಬಹುದು. ರೈಲಿನಲ್ಲಿ ತಿರುಪೆಲ್ಲಿದೆ? ಜನವರಿಯೆಲ್ಲ ಅವಳು ಅದನ್ನೇ ಹುಡುಕಿದಳು. ಗಾಲಿಗೆ ಪೆನ್ಸಿಲ್ ಪುಡಿ ಹಚ್ಚಿದಳು. ಛಾವಣಿಯ ಇಟ್ಟಿಗೆ ಕಡಿಮೆ ಮಾಡಿ ಡಬ್ಬಿ ಹಗುರ ಮಾಡಿದಳು, ಹಗುರಾದದ್ದು ಬೇಗ ಮಗುಚಿತು. ಭಾರ ಮಾಡಿದಳು, ಎಂಜಿನ್ ಏದುಸಿರು ಬಿಟ್ಟಿತು. ಆರು ಬೀಳದೆ ಓಡಿತು, ಏಳು ಬಿತ್ತು. ಎಂಟು ಡಬ್ಬಿಗೆ ಹದಿನಾರು ಬೋಗಿ, ಅರವತ್ತನಾಲ್ಕು ಗಾಲಿ. ಅಷ್ಟೂ ಗಾಲಿ ಹಳಿಗೆ ಉಜ್ಜುತ್ತಿದ್ದವು.

ಫೆಬ್ರುವರಿ ಮೊದಲ ವಾರ ಬನವಾಸಿಯ ಒಬ್ಬ ಕಾಲೇಜು ಹುಡುಗಿ ಫೋನಿನಲ್ಲಿ ರವಿಕೆಯ ಚಿತ್ರ ಹಿಡಿದು ಬಂದಳು. ಪ್ರಿನ್ಸೆಸ್ ಕಟ್. ಎದೆಯ ಮೇಲೆ ಒಂದೂ ಟಕ್ಸು, ಅಂದರೆ ಹಿಡಿದು ಹೊಲಿದ ಮಡಿಕೆ, ಕಾಣಬಾರದು, ಬಟ್ಟೆ ಮೈಗೆ ಅಂಟಿದ ಹಾಗೆ ಕೂರಬೇಕು. ಗಂಗಾಂಬಿಕಾ ಬಟ್ಟೆ ಹಾಸಿ, ಗೀಟು ಹಾಕಿ, ಮುಂಭಾಗವನ್ನು ಉದ್ದುದ್ದ ತುಂಡುಗಳಾಗಿ ಕತ್ತರಿಸತೊಡಗಿದಳು. ಕುಪ್ಪಸ ಒಯ್ಯಲು ಬಂದು ಕೂತಿದ್ದ ಚೌಡಮ್ಮನಿಗೆ ತಡೆಯಲಾಗಲಿಲ್ಲ.

"ಅಷ್ಟು ಚಲೋ ಬಟ್ಟಿ, ಚಿಂದಿ ಚಿಂದಿ ಮಾಡ್ತೀಯಲ್ಲ ಗಂಗವ್ವ! ಇಡೀ ತುಂಡು ಇಟ್ಟು ನಾಕು ನಿರಿಗಿ ಹಿಡದ್ರ ಆಗಂಗಿಲ್ಲೇನು?"

"ಇಡೀ ತುಂಡು ಬಾಗಿನ್ಯಾಗ ಕುಂದ್ರಂಗಿಲ್ಲ ಚೌಡವ್ವ," ಎಂದಳು ಗಂಗಾಂಬಿಕಾ, ಕತ್ತರಿಯಿಂದ ಕಣ್ಣೆತ್ತದೆ. ಈ ಮಾತನ್ನು ಅವಳು ನೂರು ಗಿರಾಕಿಗಳಿಗೆ ಹೇಳಿದ್ದಾಳೆ. "ಬಾಗು ಎಲ್ಲೈತೋ ಅಲ್ಲೇ ಹೊಲಿಗಿ ಬರಬೇಕು. ಎರಡು ತುಂಡಿಗೆ ಒಂದ ಹೊಲಿಗಿ. ಆಗ ಬಟ್ಟಿ ತಾನ ಬಾಗ..."

ಕತ್ತರಿ ನಿಂತಿತು.

"ಯಾಕಕ್ಕ, ತಪ್ಪು ಕತ್ತರಿಸಿದ್ರೇನು?" ಎಂದಳು ಹುಡುಗಿ ಗಾಬರಿಯಾಗಿ.

"ಇಲ್ಲವ್ವ. ಸರಿ ಕತ್ತರಿಸೀನಿ. ನಿನ್ನ ರವಿಕಿ ಶನಿವಾರ ಕೊಡ್ತೀನಿ, ಹೋಗಿ ಬಾ."

ಎರಡು ತುಂಡಿಗೆ ಒಂದೇ ಹೊಲಿಗೆ. ಅವಳ ರೈಲಿನಲ್ಲಿ ಒಂದು ಡಬ್ಬಿಯ ತುದಿಗೊಂದು ಬೋಗಿ, ಮುಂದಿನ ಡಬ್ಬಿಯ ತುದಿಗೆ ಇನ್ನೊಂದು, ಎರಡರ ನಡುವೆ ಆಯಸ್ಕಾಂತ. ಒಂದು ಸೇರಿಕೆಗೆ ಎರಡು ಹೊಲಿಗೆ ಹಾಕಿ ಮೇಲೊಂದು ಹುಕ್ಕು ಹಚ್ಚಿದ ಹಾಗೆ. ಅವಳು ಹಿಂದುಮುಂದಿನ ಎರಡು ಡಬ್ಬಿಗಳ ತುದಿಗಳನ್ನೂ ಒಂದೇ ಬೋಗಿಯ ಮೇಲೆ ಕೂರಿಸಿದಳು. ಒಂದರ ತಳದ ಪಟ್ಟಿ ಕೆಳಗೆ, ಇನ್ನೊಂದರದು ಅದರ ಮೇಲೆ, ಎರಡನ್ನೂ ತೂರಿ ಬೋಗಿಗಿಳಿಯುವ ಒಂದೇ ಗೂಟ. ಡಬ್ಬಿ ಡಬ್ಬಿಯ ನಡುವೆ ಕೊಂಡಿಯೇ ಬೇಡವಾಯಿತು. ರೈಲು ಬಾಗುವುದೆಲ್ಲ ಸೇರಿಕೆಯಲ್ಲಿ, ಗಾಲಿ ಇರುವುದೂ ಸೇರಿಕೆಯಲ್ಲೇ. ಹದಿನಾರು ಬೋಗಿ ಇದ್ದಲ್ಲಿ ಒಂಬತ್ತು ಉಳಿದವು, ಅರವತ್ತನಾಲ್ಕು ಗಾಲಿ ಮೂವತ್ತಾರಕ್ಕೆ ಇಳಿಯಿತು. ಸಡಿಲಿಸಬೇಕಿದ್ದ ತಿರುಪು ಅದೇ ಆಗಿತ್ತು.

ಗುರುವಾರ ಮಧ್ಯಾಹ್ನ ಎಂಟು ಡಬ್ಬಿ ಒಳಬಾಗಿಗೆ ಬಂದವು. ಮುಂದಿನ ನಾಲ್ಕು ಬಲಕ್ಕೆ ಹೊರಳುತ್ತಿದ್ದಾಗ ಹಿಂದಿನ ನಾಲ್ಕು ಇನ್ನೂ ಎಡಕ್ಕೆ ಬಾಗಿದ್ದವು. ಯಾವುದೂ ಗಾಲಿ ಎತ್ತಲಿಲ್ಲ. ಶನಿವಾರ ಹುಡುಗಿ ರವಿಕೆಗೆ ಬಂದಾಗ ರೈಲು ಓಡುತ್ತಲೇ ಇತ್ತು.

"ಇದೇನಕ್ಕ?" ಎಂದಳು.

"ಪ್ರಿನ್ಸೆಸ್ ಕಟ್," ಎಂದಳು ಚೌಡಮ್ಮ, ತಾನೇ ಹೊಲಿದವಳ ಹಾಗೆ.

ಪ್ರದರ್ಶನದ ಬೆಳಿಗ್ಗೆ ರೈಲನ್ನು ಉದ್ದ ಹಲಗೆಯ ಮೇಲೆ ಮಲಗಿಸಿ, ಹಳೇ ಸೀರೆ ಸುತ್ತಿ, ಹಳಿಯ ಹಲಗೆಯ ಜೊತೆ ಪಿಕಪ್‌ನಲ್ಲಿ ಶಿರಸಿಗೆ ಒಯ್ದರು. ಚೌಡಮ್ಮ ಮುಂದಿನ ಸೀಟಿನಲ್ಲಿ ಹೊಸ ಕುಪ್ಪಸ ತೊಟ್ಟು ಕೂತಿದ್ದಳು. ಕರೆದವರು ಯಾರೂ ಇರಲಿಲ್ಲ.

ಓಡುವ ಮೇಜಿನಲ್ಲಿ ಈ ವರ್ಷ ಇಟ್ಟಿಗೆ ರೈಲು ಎರಡೇ. ಇನ್ನೊಂದು ಯಲ್ಲಾಪುರ ತಾಲೂಕಿನ ಉಮ್ಮಚಗಿಯ ಸತೀಶನದು. ಅಡಿಕೆ ಬೆಳೆಗಾರ, ಐದು ವರ್ಷದಿಂದ ಈ ಮೇಜಿನಲ್ಲಿ ಸೋಲದವನು. ಹೊರಗಿನಿಂದ ತರಿಸಿದ ಅಗಲ ಹಳಿ ಅವನಲ್ಲಿತ್ತು, ಆದರೆ ಮೂರಡಿಯಲ್ಲಿ ಅದು ಹಿಡಿಸುವುದಿಲ್ಲ. ಬಿಗಿ ಹಳಿಯ ಮೇಲೆ ಮೂರು ಡಬ್ಬಿ ಓಡಿಸಿ, ಇಪ್ಪತ್ತು ಸುತ್ತು ಮುಗಿಸಿ, ಕೈ ಕಟ್ಟಿ ನಿಂತಿದ್ದ.

"ಮೂರಡಿಯಲ್ಲಿ ಆಡೂ ತಿರುಗ್ತಿಲ್ಲೆ ಮಾಸ್ತರೆ," ಎನ್ನುತ್ತಿದ್ದ. "ಮೂರಕ್ಕಿಂತ ಜಾಸ್ತಿ ಯಾರಿಗೂ ಆಗ್ತಿಲ್ಲೆ."

ಆ ಹೊತ್ತಿಗೆ ಗಂಗಾಂಬಿಕಾ ರೈಲಿಗೆ ಸುತ್ತಿದ್ದ ಸೀರೆ ಬಿಚ್ಚಿ, ಅದನ್ನು ಹಳಿಯ ಮೇಲೆ ಕೂರಿಸಿದಳು. ಮಾಸ್ತರು ಕನ್ನಡಕ ಸರಿ ಮಾಡಿಕೊಂಡು ಎಣಿಸಿದರು.

"ಎಂಟಾ? ನಾ ಹೇಳಿದ್ದೆ ಅಲ್ದಾ ಮಾರಾಯ್ತಿ, ಮೂರು ಸಾಕು ಅಂತ. ಇದು ಬಿದ್ರೆ ಮುಂದಿನ ವರ್ಷ ನಂಗೂ ಎಂತ ಮಾಡಲೂ ಬರೂದಿಲ್ಲ. ನಿಯಮ ನಿಯಮವೇ."

"ನಿಯಮ ಇರ್ಲಿ ಸರ್. ನೀವು ಎಣಸ್ರಿ."

ಗುಂಡಿ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. ಐದನೆಯ ಸುತ್ತಿಗೆ ಕಸೂತಿ ಮೇಜಿನ ಹೆಂಗಸರು ಬಂದರು. ಒಂಬತ್ತನೆಯದಕ್ಕೆ ಬೆಂಕಿಕಡ್ಡಿ ಮನೆಯವರು ತಮ್ಮ ಮನೆಯನ್ನು ಎತ್ತಿ ದೂರ ಇಟ್ಟು ಬಂದರು, ಹೋದ ವರ್ಷದ ನೆನಪಿನಿಂದ. ಚೌಡಮ್ಮ ಗಟ್ಟಿಯಾಗಿ ಎಣಿಸುತ್ತಿದ್ದಳು. ಮಾಸ್ತರು ಮನಸ್ಸಿನಲ್ಲೇ ಎಣಿಸುತ್ತಿದ್ದವರು ಅವಳ ದನಿಗೆ ತಪ್ಪಿ, ಕೊನೆಗೆ ಅವಳ ಲೆಕ್ಕವನ್ನೇ ಬರೆದುಕೊಂಡರು.

ಹದಿನಾರನೆಯ ಸುತ್ತಿಗೆ ರೈಲು ನಿಧಾನವಾಯಿತು. ಬ್ಯಾಟರಿ. ಬೆಳಿಗ್ಗೆ ಹೊರಡುವ ಮೊದಲು ಅಂಗಡಿಯಲ್ಲಿ ನಾಲ್ಕು ಸಲ ಓಡಿಸಿ ನೋಡಿದ್ದಳು, ಹೊಸದು ಹಾಕಲು ಮರೆತಿದ್ದಳು. ಈಗ ಕೈ ಹಾಕುವಂತಿಲ್ಲ.

"ಬ್ಯಾಟ್ರಿ ಹೋತು," ಎಂದ ಸತೀಶ.

ಗಂಗಾಂಬಿಕಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿಧಾನವಾದರೆ ಎಳೆತ ಕಡಿಮೆ, ಎಳೆತ ಕಡಿಮೆಯಾದರೆ ಮಗುಚುವುದಿಲ್ಲ. ನಿಲ್ಲಬಾರದು, ಅಷ್ಟೇ. ಹದಿನೇಳು. ಹದಿನೆಂಟು. ಒಳಬಾಗಿನಲ್ಲಿ ಎಂಜಿನ್ನಿನ ದನಿ ಇಳಿದು, ಡಬ್ಬಿಗಳು ಒಂದೊಂದಾಗಿ ಎಡದಿಂದ ಬಲಕ್ಕೆ ಹೊರಳುವುದು ಎಣಿಸುವಷ್ಟು ನಿಧಾನವಾಗಿ ಕಂಡಿತು. ಹತ್ತೊಂಬತ್ತು. ಚನ್ನಬಸವ ಬಾಗಿಲ ಬಳಿ ನಿಂತವನು ಕಣ್ಣು ಮುಚ್ಚಿಕೊಂಡಿದ್ದ.

"ಇಪ್ಪತ್ತು!" ಎಂದಳು ಚೌಡಮ್ಮ.

ಸಭಾಂಗಣ ಚಪ್ಪಾಳೆ ಹೊಡೆಯಿತು. ರೈಲು ನಿಲ್ಲಲಿಲ್ಲ. ಗಂಗಾಂಬಿಕಾ ಅದನ್ನು ನಿಲ್ಲಿಸಲೂ ಇಲ್ಲ. ಇಪ್ಪತ್ತೊಂದಾಯಿತು, ಇಪ್ಪತ್ತೆರಡಾಯಿತು. ಇಪ್ಪತ್ತಾರನೆಯ ಸುತ್ತಿನ ನಡುವೆ, ಅದೇ ಒಳಬಾಗಿನಲ್ಲಿ, ಬ್ಯಾಟರಿ ಪೂರ್ತಿ ಮುಗಿದು ರೈಲು ನಿಂತಿತು. ಎಂಟೂ ಡಬ್ಬಿ ನೆಟ್ಟಗೆ, ಮೂವತ್ತಾರೂ ಗಾಲಿ ಹಳಿಯ ಮೇಲೆ.

"ಈಗ ಮುಟ್ಟಬೌದೇನ್ರಿ ಸರ್?" ಎಂದು ಕೇಳಿದಳು.

"ಮುಟ್ಟಿ, ಮುಟ್ಟಿ," ಎಂದರು ಮಾಸ್ತರು. ಆಮೇಲೆ ದನಿ ತಗ್ಗಿಸಿ, "ಮೂರು ಸಾಕು ಅಂದಿದ್ದೆ ನಾನು. ತಪ್ಪಾತು."

ಸತೀಶ ಮೇಜಿನ ಪಕ್ಕ ಮಂಡಿಯೂರಿ, ಮುಖ ಹಳಿಯ ಮಟ್ಟಕ್ಕೆ ತಂದು ಡಬ್ಬಿಯ ಸಂದಿಯಲ್ಲಿ ನೋಡುತ್ತಿದ್ದ.

"ಅಕ್ಕಾ, ಎರಡು ಬೋಗಿ ಮಧ್ಯ ಕೊಂಡಿಯೇ ಇಲ್ಯಲ್ಲ. ಎಂತ ಮಾಡಿದ್ದು ನೀವು?"

"ಅದು ಬೋಗಿ ಅಲ್ರಿ, ಡಬ್ಬಿ," ಎಂದಳು ಗಂಗಾಂಬಿಕಾ. "ಬೋಗಿ ಕೆಳಗೈತಿ. ಬರ್ರಿ, ತೋರಸ್ತೀನಿ."

ಅರ್ಧ ಗಂಟೆ ತೋರಿಸಿದಳು. ಒಂದು ಸೇರಿಕೆಯ ಗೂಟ ಕಿತ್ತು, ಮತ್ತೆ ಹಾಕಿ, ಅವನ ಕೈಯಿಂದಲೂ ಹಾಕಿಸಿದಳು. ಅವನ ಬೆರಳು ದಪ್ಪ, ಮೂರನೆಯ ಸಲಕ್ಕೆ ಕೂತಿತು. ಸೂಜಿಗೆ ದಾರ ಪೋಣಿಸುವುದೂ ಬರುತ್ತದೋ ಇಲ್ಲವೋ ಎಂದು ಚೌಡಮ್ಮ ಕೇಳಿದ್ದಕ್ಕೆ ಸುತ್ತಲಿನ ಹೆಂಗಸರು ನಕ್ಕರು, ಸತೀಶನೂ ನಕ್ಕ.

ಬಳಗದ ದಾಖಲೆಯಲ್ಲಿ ಈ ವರ್ಷದ ಓಡುವ ಮೇಜಿನ ಎದುರು ವೆಂಕಟ್ರಮಣ ಮಾಸ್ತರ ಕೈಬರಹದಲ್ಲಿ ಹೀಗಿದೆ: "ಗಂಗಾಂಬಿಕಾ, ದಾಸನಕೊಪ್ಪ. ರೈಲು, ಎಂಟು ಡಬ್ಬಿ. ಇಪ್ಪತ್ತೈದೂವರೆ ಸುತ್ತು. ಬಿದ್ದಿಲ್ಲ." ಬೋಗಿ ಎಂದು ಬರೆದದ್ದನ್ನು ಒಂದು ಗೀಟು ಹೊಡೆದು ಡಬ್ಬಿ ಎಂದು ತಿದ್ದಿದ್ದಾರೆ.

ಮುಂದಿನ ವರ್ಷದ ಓಡುವ ಮೇಜಿನ ನಿಯಮ ಬರೆಯಲು ಮೂವರ ಸಮಿತಿ ಆಗಿದೆ: ಮಾಸ್ತರು, ಸತೀಶ, ಗಂಗಾಂಬಿಕಾ. ಮೊದಲ ಸಭೆ ಮಾರ್ಚ್ ಎರಡನೆಯ ಭಾನುವಾರ ಯಲ್ಲಾಪುರದಲ್ಲಿ. ಅವಳು ಬೆಳಗಿನ ಏಳೂವರೆಯ ಬಸ್ಸಿಗೆ ಹೊರಡುತ್ತಾಳೆ. ಅಂಗಡಿಗೆ ಅಂದು ರಜೆ.